ಬಾಡಿಗೆಯ ಅಂಗಳದಲ್ಲಿ ಮಕ್ಕಳ ಶಿಬಿರ

ನಿಮ್ಮ ಮಗ ಅಮೆರಿಕದಲ್ಲಿ ನೆಲೆಸಿದ್ದಾನೆ, ನೀವು ಮೂರು ತಿಂಗಳ ಮಟ್ಟಿಗೆ ಅವನ ಮನೆಗೆ ಹೋಗಿದ್ದೀರಿ ಎಂದಿಟ್ಟುಕೊಳ್ಳಿ. ಜೂನ್ ತಿಂಗಳು; ಶಾಲೆಗಳಿಗೆ ರಜ. ಹತ್ತು ವರ್ಷದ ಮೊಮ್ಮಗ ಊರಿನ ವಿಶ್ವವಿದ್ಯಾನಿಲಯದ ಮೈದಾನದಲ್ಲಿ ನಡೆಯುವ ಆಟದ ಶಿಬಿರಕ್ಕೆ ದಿನವೂ ಹೋಗಿಬರುತ್ತಾನೆ. ಒಂದು ದಿನ ಮಗನಿಗೂ ಸೊಸೆಗೂ ಆಫೀಸಿನಲ್ಲಿ ಹೊತ್ತಾಗುತ್ತದೆ. "ಅಪ್ಪಾ, ಇವತ್ತು ನೀವೇ ಹೋಗಿ ಹುಡುಗನನ್ನು ಕರೆದುಕೊಂಡು ಬಂದುಬಿಡಿ" ಎಂದು ಫೋನು ಬರುತ್ತದೆ. ಹತ್ತಿರವೇ ಅಲ್ಲವೆ, ನೀವು ನಡೆದೇ ಹೋಗುತ್ತೀರಿ. ಹುಡುಗ ದೂರದಿಂದಲೇ ಕಂಡು "ತಾತಾ" ಎಂದು ಕೂಗಿ ಓಡಿಬರುತ್ತಾನೆ. ಆದರೆ ಬಾಗಿಲಲ್ಲಿ ಪಟ್ಟಿ ಹಿಡಿದು ನಿಂತ ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ನಗುನಗುತ್ತಲೇ ಅವನನ್ನು ತಡೆದು, ನಿಮ್ಮ ಹೆಸರು ಕೇಳುತ್ತಾಳೆ. ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ. ಮಗುವನ್ನು ಕಳುಹಿಸುವಂತಿಲ್ಲ ಎನ್ನುತ್ತಾಳೆ.

ನಿಮಗೆ ಮುಖಭಂಗವಾದಂತಾಗುವುದು ಸಹಜ. ಸ್ವಂತ ಮೊಮ್ಮಗನನ್ನು ಮನೆಗೆ ಕರೆದೊಯ್ಯುವುದಕ್ಕೆ ಯಾರ ಅಪ್ಪಣೆ ಬೇಕು? ಮಗುವೇ ತಾತನೆಂದು ಕೂಗಿ ಗುರುತು ಹೇಳಿಲ್ಲವೆ? ಆ ಸಂಜೆ ಮನೆಯಲ್ಲಿ ನೀವು ಸ್ವಲ್ಪ ಗಟ್ಟಿಯಾಗಿಯೇ ಮಾತಾಡುತ್ತೀರಿ. ಆಗ ಸೊಸೆ ಆ ಶಿಬಿರಕ್ಕೆ ಸೇರಿಸುವಾಗ ತಾನು ರುಜು ಹಾಕಿದ ಕಾಗದಗಳ ಕಟ್ಟನ್ನು ತಂದು ಮುಂದಿಡುತ್ತಾಳೆ. ಮಗುವಿನ ಔಷಧ, ಮಗುವಿಗೆ ಆಗದ ತಿಂಡಿ, ಕರೆದೊಯ್ಯಬಹುದಾದವರ ಹೆಸರು, ಫೋಟೋ ತೆಗೆಯಬಹುದೇ ಬೇಡವೇ, ಗುಡುಗು ಬಂದರೆ ಏನು ಮಾಡುತ್ತಾರೆ, ದೂರು ಹೇಳಬೇಕಾದರೆ ಯಾರಿಗೆ ಹೇಳಬೇಕು ಎಂಬುದೆಲ್ಲ ಅದರಲ್ಲಿದೆ. ಒಂದು ವಾರದ ಆಟಕ್ಕೆ ಇಷ್ಟು ಕಾಗದವೆ ಎಂದು ನಗು ಬರಬಹುದು. ಆ ಕಾಗದಗಳ ಹಿಂದೆ ಒಂದು ದೊಡ್ಡ ವಿಶ್ವವಿದ್ಯಾನಿಲಯ ತಲೆತಗ್ಗಿಸಿದ ಕಥೆಯಿದೆ. ಅದನ್ನು ಹೇಳುವ ಮುನ್ನ ಅಲ್ಲಿನ ವ್ಯವಸ್ಥೆಯನ್ನು ಸ್ವಲ್ಪ ತಿಳಿಯಬೇಕು.

ಅಮೆರಿಕದ ವಿಶ್ವವಿದ್ಯಾನಿಲಯಗಳು ಮೇ ನಡುವಿನಿಂದ ಆಗಸ್ಟಿನ ಕೊನೆಯವರೆಗೆ ಬಹುಮಟ್ಟಿಗೆ ಬರಿದಾಗಿರುತ್ತವೆ. ಹಾಸ್ಟೆಲುಗಳ ಕೋಣೆಗಳು ಖಾಲಿ, ಊಟದ ಮನೆ ಖಾಲಿ, ಮೈದಾನ, ಈಜುಕೊಳ, ನಾಟಕಶಾಲೆ ಎಲ್ಲವೂ ಖಾಲಿ. ಇವನ್ನು ಸುಮ್ಮನೆ ಬಿಡುವ ಬದಲು ಹೊರಗಿನವರಿಗೆ ಬಾಡಿಗೆಗೆ ಕೊಡುತ್ತಾರೆ. ಆಟ ಕಲಿಸುವ ತರಬೇತುದಾರರು, ಸಂಗೀತ ಸಂಘಗಳು, ಚರ್ಚುಗಳ ಯುವಕ ಮಂಡಲಿಗಳು, ಮಕ್ಕಳಿಗೆ ಗಣಕಯಂತ್ರದ ವಿದ್ಯೆ ಹೇಳಿಕೊಡುವ ಕಂಪನಿಗಳು, ಹೀಗೆ ನಾನಾ ಬಗೆಯವರು ವಾರ, ಹದಿನೈದು ದಿನಗಳ ಮಟ್ಟಿಗೆ ಬಂದು ಶಿಬಿರ ನಡೆಸಿ ಹೋಗುತ್ತಾರೆ. ಕೆಲವು ಹಗಲು ಶಿಬಿರಗಳು. ಕೆಲವುಗಳಲ್ಲಿ ಮಕ್ಕಳು ಹಾಸ್ಟೆಲಿನಲ್ಲೇ ರಾತ್ರಿ ತಂಗುತ್ತಾರೆ.

ತೊಡಕು ಇರುವುದು ಇಲ್ಲಿಯೇ. ತಂದೆತಾಯಿಗಳು ಜಾಹೀರಾತಿನಲ್ಲಿ ವಿಶ್ವವಿದ್ಯಾನಿಲಯದ ಹೆಸರನ್ನು ನೋಡುತ್ತಾರೆ. ಹಳೆಯ ಕಟ್ಟಡಗಳು, ಗಡಿಯಾರದ ಗೋಪುರ, ಹಸಿರು ಹುಲ್ಲು ಇವನ್ನು ಕಂಡು, ಇಷ್ಟು ದೊಡ್ಡ ಸಂಸ್ಥೆ ನೋಡಿಕೊಳ್ಳುವಾಗ ಚಿಂತೆ ಯಾಕೆ ಎಂದು ಮಗುವನ್ನು ಬಿಟ್ಟು ಹೋಗುತ್ತಾರೆ. ವಿಶ್ವವಿದ್ಯಾನಿಲಯವಾದರೋ ತಾನು ಕೊಟ್ಟಿರುವುದು ಜಾಗ ಮಾತ್ರ, ಮಕ್ಕಳ ಹೊಣೆ ಶಿಬಿರದವರದು ಎಂದು ಭಾವಿಸುತ್ತದೆ. ಶಿಬಿರದವರು, ಕಟ್ಟಡದ ಬಾಗಿಲು, ಕಾವಲು, ರಾತ್ರಿಯ ಓಡಾಟ ಇವೆಲ್ಲ ವಿಶ್ವವಿದ್ಯಾನಿಲಯದ ಕೆಲಸವೆಂದುಕೊಳ್ಳುತ್ತಾರೆ. ಮೂವರೂ ಮತ್ತೊಬ್ಬರ ಮೇಲೆ ಭರವಸೆಯಿಟ್ಟಾಗ ಮಗು ಯಾರ ಕೈಯಲ್ಲೂ ಇರುವುದಿಲ್ಲ. ಮದುವೆಮನೆಯಲ್ಲಿ ಚಿಕ್ಕ ಮಗು ಕಳೆದುಹೋಗುವುದು ಹೇಗೆಂದು ನಿಮಗೆ ಗೊತ್ತಿದೆ. ಅಜ್ಜಿಯ ಹತ್ತಿರ ಇದೆ ಎಂದು ತಾಯಿ, ತಾಯಿಯ ಹತ್ತಿರ ಇದೆ ಎಂದು ಅಜ್ಜಿ.

ಈಗ ಆ ಕಥೆ. ಪೆನ್ಸಿಲ್ವೇನಿಯ ರಾಜ್ಯದಲ್ಲಿ ಪೆನ್ ಸ್ಟೇಟ್ ಎಂಬ ಹೆಸರಾಂತ ವಿಶ್ವವಿದ್ಯಾನಿಲಯವಿದೆ. ಅದರ ಫುಟ್‌ಬಾಲ್ ತಂಡಕ್ಕೆ ಜೆರಿ ಸ್ಯಾಂಡಸ್ಕಿ ಎಂಬಾತ ಮೂವತ್ತು ವರ್ಷ ಸಹಾಯಕ ತರಬೇತುದಾರನಾಗಿದ್ದ. ಆತ 1977ರಲ್ಲಿ 'ಸೆಕೆಂಡ್ ಮೈಲ್' ಎಂಬ ಧರ್ಮಸಂಸ್ಥೆಯನ್ನು ಕಟ್ಟಿದ. ದಿಕ್ಕಿಲ್ಲದ, ಕಷ್ಟದ ಮನೆಗಳಿಂದ ಬಂದ ಮಕ್ಕಳಿಗೆ ನೆರವಾಗುವುದು ಅದರ ಉದ್ದೇಶವೆಂದು ಎಲ್ಲರೂ ತಿಳಿದಿದ್ದರು. ಆ ಸಂಸ್ಥೆಗೆ ಊರಿನಲ್ಲಷ್ಟೇ ಅಲ್ಲ, ದೇಶದಲ್ಲೇ ಒಳ್ಳೆಯ ಹೆಸರಿತ್ತು. 1990ರಲ್ಲಿ ಆಗಿನ ರಾಷ್ಟ್ರಾಧ್ಯಕ್ಷ ಬುಷ್ ಅವರೇ ಅದನ್ನು ಹೊಗಳಿ ಗೌರವಿಸಿದ್ದರು. ಅದರ ಬೇಸಗೆ ಶಿಬಿರಗಳು ವಿಶ್ವವಿದ್ಯಾನಿಲಯದ ಅಂಗಳದಲ್ಲೇ ನಡೆಯುತ್ತಿದ್ದವು. 1999ರಲ್ಲಿ ಸ್ಯಾಂಡಸ್ಕಿ ನಿವೃತ್ತನಾದ. ಆದರೂ ಅವನಿಗೆ ಅಲ್ಲಿ ಒಂದು ಕೋಣೆ ಉಳಿಯಿತು, ವ್ಯಾಯಾಮದ ಕಟ್ಟಡದ ಬೀಗದ ಕೈ ಉಳಿಯಿತು. ಈಗ ಅವನು ನೌಕರನಲ್ಲ. ಹೊರಗಿನ ಸಂಸ್ಥೆಯೊಂದರ ಮನುಷ್ಯ. ಕೈಯಲ್ಲಿ ಒಳಗಿನ ಬೀಗದ ಕೈ.

1998ರಲ್ಲಿಯೇ ಒಬ್ಬ ತಾಯಿ ದೂರು ಕೊಟ್ಟಿದ್ದಳು. ತನ್ನ ಮಗನನ್ನು ಈತ ವಿಶ್ವವಿದ್ಯಾನಿಲಯದ ಸ್ನಾನದ ಮನೆಗೆ ಕರೆದೊಯ್ದಿದ್ದನೆಂಬುದು ಅವಳ ಆತಂಕ. ಪೊಲೀಸರು ವಿಚಾರಿಸಿದರು, ಮೊಕದ್ದಮೆ ಹೂಡಲಿಲ್ಲ. 2001ರಲ್ಲಿ ತಂಡದ ಯುವಕ ಸಹಾಯಕನೊಬ್ಬ ರಾತ್ರಿ ಹೊತ್ತು ಅದೇ ಬಗೆಯ ಜಾಗದಲ್ಲಿ, ಒಂದು ಮಗುವಿನ ಜತೆ ಈತನನ್ನು ಕಣ್ಣಾರೆ ಕಂಡು ಹೌಹಾರಿದ. ಅವನು ಮುಖ್ಯ ತರಬೇತುದಾರರಿಗೆ ಹೇಳಿದ. ಅವರು ತಮ್ಮ ಮೇಲಿನವರಿಗೆ ಹೇಳಿದರು. ಮೇಲಿನವರು ಕೂಡಿ ಯೋಚಿಸಿದರು. ಕೊನೆಗೆ, ಸರ್ಕಾರದ ಮಕ್ಕಳ ರಕ್ಷಣಾ ಇಲಾಖೆಗೆ ತಿಳಿಸುವುದು ಬೇಡ, ಇನ್ನು ಮೇಲೆ ಮಕ್ಕಳನ್ನು ಇಲ್ಲಿಗೆ ಕರೆತರಬೇಡವೆಂದು ಆತನಿಗೆ ಹೇಳಿದರೆ ಸಾಕು ಎಂದು ತೀರ್ಮಾನವಾಯಿತು. ಸೆಕೆಂಡ್ ಮೈಲ್ ಸಂಸ್ಥೆಯವರ ಕಿವಿಗೂ ಒಂದು ಮಾತು ಹಾಕಿದರು. ಅಷ್ಟೆ. ಬೀಗದ ಕೈಯನ್ನು ಹಿಂದಕ್ಕೆ ಪಡೆಯಲಿಲ್ಲ. ಕರೆತರಬೇಡ ಎಂದ ಮಾತು ನಡೆಯುತ್ತಿದೆಯೇ ಎಂದು ನೋಡುವವರೂ ಇರಲಿಲ್ಲ. ಆ ಮಗು ಯಾರೆಂದು ಹುಡುಕುವ ಗೋಜಿಗೂ ಯಾರೂ ಹೋಗಲಿಲ್ಲ.

ಹತ್ತು ವರ್ಷ ಹೀಗೆ ಕಳೆಯಿತು. 2011ರ ನವೆಂಬರಿನಲ್ಲಿ ಸ್ಯಾಂಡಸ್ಕಿಯ ಬಂಧನವಾದಾಗ ಎಷ್ಟು ಮಕ್ಕಳ ಬಾಲ್ಯ ಹಾಳಾಗಿತ್ತೆಂಬುದು ಹೊರಬಿತ್ತು. 2012ರ ಜೂನ್ 22ರಂದು ನ್ಯಾಯಾಲಯ 45 ಆರೋಪಗಳಲ್ಲಿ ಆತ ಅಪರಾಧಿಯೆಂದಿತು. ಅಕ್ಟೋಬರಿನಲ್ಲಿ 30ರಿಂದ 60 ವರ್ಷಗಳ ಸೆರೆವಾಸ ವಿಧಿಸಿತು. ವಿಶ್ವವಿದ್ಯಾನಿಲಯದ ಅಧ್ಯಕ್ಷರು, ಎಂದರೆ ನಮ್ಮ ಕುಲಪತಿಗಳಿದ್ದಂತೆ, ಸ್ಥಾನ ಕಳೆದುಕೊಂಡರು. 2017ರಲ್ಲಿ ಅವರೂ ಮತ್ತಿಬ್ಬರು ಹಿರಿಯ ಅಧಿಕಾರಿಗಳೂ ಮಕ್ಕಳನ್ನು ಅಪಾಯಕ್ಕೊಡ್ಡಿದ ಅಪರಾಧಕ್ಕೆ ಗುರಿಯಾದರು. ಆ ಇಬ್ಬರು ತಪ್ಪನ್ನು ತಾವೇ ಒಪ್ಪಿಕೊಂಡಿದ್ದರು. ನೊಂದವರಿಗೆ ವಿಶ್ವವಿದ್ಯಾನಿಲಯ ಕೊಟ್ಟ ಪರಿಹಾರ ಹತ್ತು ಕೋಟಿ ಡಾಲರನ್ನು ಮೀರಿತು. ಕೇಂದ್ರ ಶಿಕ್ಷಣ ಇಲಾಖೆ 2016ರಲ್ಲಿ ಸುಮಾರು 24 ಲಕ್ಷ ಡಾಲರು ದಂಡ ಹಾಕಿತು. ಹಣ ಕಟ್ಟಿದರೆ ಬಾಲ್ಯ ಹಿಂದಕ್ಕೆ ಬರುವುದಿಲ್ಲವಷ್ಟೆ.

ಈ ಪ್ರಕರಣವನ್ನು ವಿಚಾರಿಸಲು ಎಫ್.ಬಿ.ಐ. ಎಂಬ ಕೇಂದ್ರ ಪತ್ತೇದಾರಿ ಸಂಸ್ಥೆಯ ನಿವೃತ್ತ ಮುಖ್ಯಸ್ಥ ಲೂಯಿ ಫ್ರೀ ಅವರನ್ನು ನೇಮಿಸಿದ್ದರು. ಅವರ ತಂಡ ನಾನೂರಕ್ಕೂ ಹೆಚ್ಚು ಜನರನ್ನು ಮಾತಾಡಿಸಿ 2012ರ ಜುಲೈನಲ್ಲಿ ವರದಿ ಕೊಟ್ಟಿತು. ಅದನ್ನು ಓದಿದವರ ಮನಸ್ಸಿಗೆ ನಾಟುವ ವಿಷಯವೆಂದರೆ, ಮಕ್ಕಳ ಶಿಬಿರಗಳ ಬಗ್ಗೆ ಬರಹದ ನಿಯಮ ಪೆನ್ ಸ್ಟೇಟಿನಲ್ಲಿ ಮೊದಲಿಂದಲೂ ಇತ್ತು. ಎಲ್ಲ ವಿಭಾಗಗಳಲ್ಲೂ ಒಂದೇ ಸಮನೆ ಅದು ಪಾಲನೆಯಾಗಿರಲಿಲ್ಲ. ನಿಯಮ ಕಪಾಟಿನಲ್ಲಿತ್ತು, ಮನುಷ್ಯನ ಮೇಲಿನ ಗೌರವ ಅಂಗಳದಲ್ಲಿತ್ತು. ಎರಡೂ ಎದುರಾದಾಗ ಯಾವುದು ಗೆದ್ದಿತೆಂದು ಹೇಳಬೇಕಾಗಿಲ್ಲ.

ಇದಾದ ಮೇಲೆ ರಾಜ್ಯ ರಾಜ್ಯಗಳಲ್ಲಿ ಕಾನೂನುಗಳು ಬದಲಾದವು. ಕ್ಯಾಲಿಫೋರ್ನಿಯ, ವರ್ಜೀನಿಯ ರಾಜ್ಯಗಳು 2012ರಲ್ಲಿಯೇ ವಿಶ್ವವಿದ್ಯಾನಿಲಯದ ನೌಕರರನ್ನೂ ಮಕ್ಕಳ ಮೇಲಿನ ದೌರ್ಜನ್ಯವನ್ನು ವರದಿ ಮಾಡಲೇಬೇಕಾದವರ ಪಟ್ಟಿಗೆ ಸೇರಿಸಿದವು. ಫ್ಲಾರಿಡದ ಕಾನೂನು ಇನ್ನೂ ಬಿಗಿ: ಗೊತ್ತಿದ್ದೂ ಮುಚ್ಚಿಟ್ಟ ವಿಶ್ವವಿದ್ಯಾನಿಲಯಕ್ಕೆ ಒಂದೊಂದು ಸಲಕ್ಕೂ ಹತ್ತು ಲಕ್ಷ ಡಾಲರುಗಳವರೆಗೆ ದಂಡ. ಪೆನ್ಸಿಲ್ವೇನಿಯದಲ್ಲಿ 2014ರಲ್ಲಿ ಆದ ತಿದ್ದುಪಡಿಯೊಂದು ಮೇಲ್ನೋಟಕ್ಕೆ ಸಣ್ಣದು, ಆದರೆ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುತ್ತದೆ. ಅದಕ್ಕೆ ಮೊದಲು ಸಂಸ್ಥೆಯ ನೌಕರನು ತನ್ನ ಮೇಲಧಿಕಾರಿಗೆ ತಿಳಿಸಿದರೆ ಅವನ ಕರ್ತವ್ಯ ಮುಗಿಯುತ್ತಿತ್ತು. ಸರ್ಕಾರಕ್ಕೆ ತಿಳಿಸುವುದು ಅಧಿಕಾರಿಯ ಕೆಲಸ. ಈಗ ಆ ಕ್ರಮ ತಲೆಕೆಳಗಾಗಿದೆ. ಕಂಡವನೇ ನೇರವಾಗಿ, ಕೂಡಲೇ, ಸರ್ಕಾರದ ಮಕ್ಕಳ ರಕ್ಷಣಾ ವಿಭಾಗಕ್ಕೆ ತಿಳಿಸಬೇಕು. ಮೇಲಧಿಕಾರಿಗೆ ಹೇಳುವುದು ಅದಾದ ಮೇಲೆ. ಫೋನಿನಲ್ಲಿ ಹೇಳಿದರೆ 48 ಗಂಟೆಯೊಳಗೆ ಬರಹದಲ್ಲೂ ಕೊಡಬೇಕು. "ದೊಡ್ಡವರಿಗೆ ಹೇಳಿದ್ದೇನೆ, ಇನ್ನು ಅವರುಂಟು" ಎಂಬ ಮಾತಿಗೆ ಅಲ್ಲಿ ಎಡೆಯಿಲ್ಲ.

ಇನ್ನು ನಿಯಮಗಳ ವಿಚಾರ. ವಿಶ್ವವಿದ್ಯಾನಿಲಯದಿಂದ ವಿಶ್ವವಿದ್ಯಾನಿಲಯಕ್ಕೆ ಮಾತುಗಳು ಬೇರೆ, ತಿರುಳು ಹೆಚ್ಚುಕಡಮೆ ಒಂದೇ. ಹೊರಗಿನ ಸಂಸ್ಥೆ ಜಾಗ ಕೇಳಿದಾಗ ಅದು ಮಕ್ಕಳ ಕಾರ್ಯಕ್ರಮವೇ ಎಂದು ಮೊದಲು ವಿಚಾರಿಸುತ್ತಾರೆ. ಹೌದಾದರೆ ವಾರಗಟ್ಟಲೆ ಮುಂಚಿತವಾಗಿ ಹೆಸರು ದಾಖಲೆ ಮಾಡಿಸಬೇಕು. ಎಷ್ಟು ಮಕ್ಕಳು, ಯಾವ ವಯಸ್ಸು, ನೋಡಿಕೊಳ್ಳುವ ದೊಡ್ಡವರು ಯಾರು ಯಾರು, ರಾತ್ರಿ ತಂಗುವುದುಂಟೆ, ನೀರಿಗಿಳಿಯುವುದುಂಟೆ, ಎಲ್ಲವನ್ನೂ ಬರೆದುಕೊಡಬೇಕು. ವಿಮೆ ಮಾಡಿಸಿ, ಅದರಲ್ಲಿ ವಿಶ್ವವಿದ್ಯಾನಿಲಯದ ಹೆಸರನ್ನೂ ಸೇರಿಸಿದ ಪ್ರಮಾಣಪತ್ರ ತರಬೇಕು; ಒಂದು ಘಟನೆಗೆ ಹತ್ತು ಲಕ್ಷ ಡಾಲರು ಎಂಬುದು ಸಾಮಾನ್ಯವಾಗಿ ಕೇಳುವ ಮೊತ್ತ. ಸಣ್ಣ ಸಂಘಗಳಿಗೆ ಇದು ಭಾರವೇ. ಆದರೆ ವಿಮೆಯಿಂದ ಒಂದು ಪರೋಕ್ಷ ಲಾಭವುಂಟು. ಹಣ ಕೊಡಬೇಕಾದ ಕಂಪನಿ ತಾನೂ ನೂರು ಪ್ರಶ್ನೆ ಕೇಳುತ್ತದೆ.

ಬಳಿಕ ದೊಡ್ಡವರ ಪೂರ್ವಾಪರ ವಿಚಾರಣೆ. ಪೆನ್ಸಿಲ್ವೇನಿಯದಲ್ಲಿ ಮಕ್ಕಳೊಡನೆ ಕೆಲಸಕ್ಕೆ ಸೇರುವವನು ರಾಜ್ಯದ ಪೊಲೀಸರಿಂದ ಒಂದು, ಮಕ್ಕಳ ದೌರ್ಜನ್ಯದ ದಾಖಲೆ ಇಡುವ ಇಲಾಖೆಯಿಂದ ಒಂದು, ಬೆರಳ ಗುರುತು ಕೊಟ್ಟು ಎಫ್.ಬಿ.ಐ.ಯಿಂದ ಒಂದು, ಹೀಗೆ ಮೂರು ಪತ್ರ ತರಬೇಕು. ಐದು ವರ್ಷಕ್ಕೊಮ್ಮೆ ಹೊಸದಾಗಿ ಮಾಡಿಸಬೇಕು. ಇದನ್ನು ಕೇಳಿ ನೀವು ನೆಮ್ಮದಿಯ ಉಸಿರು ಬಿಡಬಹುದು. ಬಿಡಬೇಡಿ. ಈ ಪತ್ರಗಳು ಹೇಳುವುದು, ಈವರೆಗೆ ಸಿಕ್ಕಿಬಿದ್ದಿಲ್ಲ ಎಂಬಷ್ಟನ್ನೇ. 1998ರ ದೂರು ಮೊಕದ್ದಮೆಯಾಗಿರಲಿಲ್ಲ. ಆದ್ದರಿಂದ 2011ಕ್ಕೆ ಮೊದಲು ಸ್ಯಾಂಡಸ್ಕಿಯ ಪೂರ್ವಾಪರವನ್ನು ಪೊಲೀಸರ ಅಪರಾಧ ದಾಖಲೆಯಲ್ಲಿ ನೋಡಿದ್ದರೆ ಅಲ್ಲಿ ಶಿಕ್ಷೆಯ ಒಂದು ಸಾಲೂ ಸಿಗುತ್ತಿರಲಿಲ್ಲ.

ಆದ್ದರಿಂದಲೇ ಪತ್ರಕ್ಕಿಂತ ದಿನದಿನದ ನಡವಳಿಕೆಯ ನಿಯಮ ಹೆಚ್ಚಿನದು. ಅದರಲ್ಲಿ ಮೊದಲನೆಯದು ಇಬ್ಬರ ನಿಯಮ: ಯಾವ ಹಿರಿಯನೂ ಯಾವ ಮಗುವಿನೊಡನೆಯೂ ಮತ್ತೊಬ್ಬರ ಕಣ್ಣಿಗೆ ಬೀಳದಂತೆ ಒಂಟಿಯಾಗಿ ಇರಕೂಡದು. ಮಗುವಿಗೆ ಒಬ್ಬಂಟಿಯಾಗಿ ಪಿಟೀಲು ಹೇಳಿಕೊಡಬೇಕಾದರೆ ಬಾಗಿಲು ತೆರೆದಿರಬೇಕು, ಇಲ್ಲವೆ ಬಾಗಿಲಲ್ಲಿ ಗಾಜಿರಬೇಕು. ಮಗು ಅಳುತ್ತಿದ್ದರೆ ಸಮಾಧಾನ ಮಾಡಬಾರದೆಂದಲ್ಲ. ನಾಲ್ಕು ಜನ ಕಾಣುವ ಕಡೆ ಮಾಡಬೇಕು. ಸ್ವಂತ ಕಾರಿನಲ್ಲಿ ಒಂದು ಮಗುವನ್ನು ಕೂರಿಸಿಕೊಂಡು ಹೋಗುವಂತಿಲ್ಲ. ಶಿಬಿರದ ಗುರುಗಳು ಮಗುವಿಗೆ ಖಾಸಗಿಯಾಗಿ ಫೋನಿನಲ್ಲಿ ಸಂದೇಶ ಕಳುಹಿಸುವಂತಿಲ್ಲ. ತಂದೆತಾಯಿಗಳನ್ನೂ ಸೇರಿಸಿಯೇ ಕಳುಹಿಸಬೇಕು. ಸ್ನಾನದ ಮನೆ, ಬಟ್ಟೆ ಬದಲಾಯಿಸುವ ಕೋಣೆಗಳಲ್ಲಿ ದೊಡ್ಡವರಿಗೂ ಮಕ್ಕಳಿಗೂ ಬೇರೆ ಬೇರೆ ಹೊತ್ತು. ಅಲ್ಲಿಗೆ ಫೋನು ಒಯ್ಯಲೇಕೂಡದು. ರಾತ್ರಿ ತಂಗುವ ಕಡೆ ಹದಿನಾರರ ಹುಡುಗನನ್ನೂ ಎಂಟರ ಹುಡುಗನನ್ನೂ ಒಂದೇ ಕೋಣೆಗೆ ಹಾಕುವುದಿಲ್ಲ. ಮಕ್ಕಳಿಗೆ ಮಕ್ಕಳಿಂದಲೂ ತೊಂದರೆಯಾಗಬಹುದೆಂಬುದನ್ನು ಹಾಸ್ಟೆಲಿನಲ್ಲಿ ಓದಿದ ಯಾರೂ ಮರೆತಿರಲಾರರು.

ನಮ್ಮಲ್ಲಿ ಯಾರಿಗಾದರೂ ಇದನ್ನು ಹೇಳಿ ನೋಡಿ. "ಹಾಗಾದರೆ ಎಲ್ಲ ಮೇಷ್ಟ್ರನ್ನೂ ಕಳ್ಳರಂತೆ ನೋಡಬೇಕೆ?" ಎನ್ನುತ್ತಾರೆ. ನಾನು ತಿಳಿದಮಟ್ಟಿಗೆ ಈ ನಿಯಮದ ಸೊಗಸು ಇರುವುದು ಅದಕ್ಕೆ ವಿರುದ್ಧವಾಗಿ. ನಿಯಮ ಎಲ್ಲರಿಗೂ ಒಂದೇ ಆದಾಗ ಯಾರನ್ನೂ ಸಂದೇಹಿಸುವ ಅಗತ್ಯವೇ ಬೀಳುವುದಿಲ್ಲ. ಬ್ಯಾಂಕಿನಲ್ಲಿ ತಿಜೋರಿಗೆ ಎರಡು ಬೀಗದ ಕೈಯಿದ್ದು ಇಬ್ಬರ ಹತ್ತಿರ ಇರುತ್ತವೆ. ಅದರಿಂದ ಯಾವ ಕ್ಯಾಷಿಯರೂ ಅವಮಾನ ಪಡುವುದಿಲ್ಲ, ಬದಲಾಗಿ ಅವನಿಗೇ ಅದು ರಕ್ಷೆ. 2001ರಲ್ಲಿ ಪೆನ್ ಸ್ಟೇಟಿನ ಅಧಿಕಾರಿಗಳು ಕುಳಿತು ತೂಗಿದ್ದು, ಈ ಗೌರವಸ್ಥನ ಬಗ್ಗೆ ಏನು ಮಾಡಬೇಕು ಎಂಬುದನ್ನು. ಯಾರೇ ಆಗಲಿ ಮಗುವಿನ ಜತೆ ರಾತ್ರಿ ಒಂಟಿಯಾಗಿ ಆ ಕಟ್ಟಡಕ್ಕೆ ಬರುವಂತಿಲ್ಲ ಎಂಬ ಕಟ್ಟಳೆ ನಿಜವಾಗಿ ನಡೆಯುತ್ತಿದ್ದರೆ ಅವರು ಅಷ್ಟನ್ನು ಮುರಿದದ್ದಕ್ಕೇ ಕ್ರಮ ಕೈಗೊಳ್ಳಬಹುದಿತ್ತು. ಮನುಷ್ಯನ ಗುಣ ತೂಗುವ ಗೊಡವೆಯೇ ಇರುತ್ತಿರಲಿಲ್ಲ.

ಮಕ್ಕಳ ಸಂಖ್ಯೆಗೆ ತಕ್ಕಂತೆ ದೊಡ್ಡವರು ಇಷ್ಟಿರಬೇಕೆಂಬ ಲೆಕ್ಕವೂ ಇದೆ. ಅಮೆರಿಕದ ಶಿಬಿರ ಸಂಘದವರು ಹಾಕಿದ ಪ್ರಮಾಣವನ್ನು ಹಲವು ವಿಶ್ವವಿದ್ಯಾನಿಲಯಗಳು ಅನುಸರಿಸುತ್ತವೆ. ಹಗಲು ಶಿಬಿರದಲ್ಲಿ ಆರರಿಂದ ಎಂಟು ವರ್ಷದ ಎಂಟು ಮಕ್ಕಳಿಗೆ ಒಬ್ಬರು, ಒಂಬತ್ತರಿಂದ ಹದಿನಾಲ್ಕರ ಹತ್ತು ಮಕ್ಕಳಿಗೆ ಒಬ್ಬರು. ರಾತ್ರಿ ತಂಗುವುದಾದರೆ ಇದೇ ವಯಸ್ಸುಗಳಿಗೆ ಕ್ರಮವಾಗಿ ಆರಕ್ಕೊಬ್ಬರು, ಎಂಟಕ್ಕೊಬ್ಬರು. ನಮ್ಮ ಬೇಸಗೆ ಶಿಬಿರಗಳಲ್ಲಿ ಅರವತ್ತು ಮಕ್ಕಳ ಮುಂದೆ ಒಬ್ಬ ಹಾಡಿನ ಮೇಷ್ಟ್ರನ್ನೂ ಒಬ್ಬ ಆಯಾಳನ್ನೂ ಕಂಡವರಿಗೆ ಇದು ಶ್ರೀಮಂತರ ಲೆಕ್ಕವೆನಿಸಬಹುದು. ಅರವತ್ತರಲ್ಲಿ ಒಬ್ಬ ಇಲ್ಲವೆಂದು ಎಷ್ಟು ಹೊತ್ತಿಗೆ ಗೊತ್ತಾಗುತ್ತದೆ ಎಂದು ಕೇಳಿಕೊಂಡರೆ ಲೆಕ್ಕ ಬೇರೆಯಾಗುತ್ತದೆ.

ಉಳಿದವು ಸಾಮಾನ್ಯ ಎಚ್ಚರಗಳು. ಕಡಲೆಕಾಯಿ ಸೋಕಿದರೆ ಉಸಿರು ಕಟ್ಟುವ ಮಕ್ಕಳುಂಟು. ಅವರ ಔಷಧ ಯಾರ ಕೈಯಲ್ಲಿದೆಯೆಂದು ಬರೆದಿಟ್ಟಿರಬೇಕು. ಗುಡುಗು ಕೇಳಿಸಿದರೆ ಆಟ ನಿಲ್ಲಿಸಿ ಮಕ್ಕಳನ್ನು ಕಟ್ಟಡದೊಳಕ್ಕೆ ಸೇರಿಸಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಹೊರಗೆ ಬಿಡಬಾರದು. ಈಜುಕೊಳದ ಹತ್ತಿರ ಜೀವರಕ್ಷಕರಿಲ್ಲದೆ ನೀರಿಗಿಳಿಯುವಂತಿಲ್ಲ. ಪ್ರಯೋಗಶಾಲೆಗಳಿಗೆ ಬೇರೆ ಕಟ್ಟಳೆ.

ಅಲ್ಲಿನ ನಮ್ಮವರಿಗೂ ಇದು ಸಂಬಂಧಿಸಿದ್ದೇ. ಯುಗಾದಿಗೋ ದೀಪಾವಳಿಗೋ ಕನ್ನಡ ಕೂಟದವರು ಸಭಾಂಗಣ ಬಾಡಿಗೆಗೆ ಹಿಡಿದು ಮಕ್ಕಳ ಕುಣಿತ, ಹಾಡು ಏರ್ಪಡಿಸುತ್ತಾರೆ. ಜಾಗ ವಿಶ್ವವಿದ್ಯಾನಿಲಯದ್ದಾದರೆ ಈ ನಿಯಮಗಳೆಲ್ಲ ಬೇಕೆ? ತಂದೆತಾಯಿಗಳು ಜತೆಯಲ್ಲೇ ಇದ್ದು ಮಕ್ಕಳನ್ನು ತಾವೇ ನೋಡಿಕೊಳ್ಳುವ ಸಮಾರಂಭಗಳಿಗೆ ಸಾಮಾನ್ಯವಾಗಿ ವಿನಾಯಿತಿಯುಂಟು. ಆದರೆ ದೊಡ್ಡವರು ನಾಟಕ ನೋಡುತ್ತಿರಲಿ ಎಂದು ಮಕ್ಕಳನ್ನು ಬೇರೊಂದು ಕೋಣೆಯಲ್ಲಿ ಕೂರಿಸಿ ನಾಲ್ಕು ಜನ ಸ್ವಯಂಸೇವಕರಿಗೆ ಒಪ್ಪಿಸಿದಿರೋ, ಮಗುವಿನ ಹೊಣೆ ಕೈ ಬದಲಾಯಿಸಿತು. ಆಗ ನಿಯಮ ಅನ್ವಯಿಸಬಹುದು. ಕೂಟದ ಕಾರ್ಯದರ್ಶಿಗಳು ಕರಾರಿಗೆ ರುಜು ಹಾಕುವ ಮೊದಲು ಈ ಒಂದು ವಿಷಯವನ್ನು ಕೇಳಿ ತಿಳಿದುಕೊಳ್ಳುವುದು ಮೇಲು.

ಇತ್ತ ನಮ್ಮ ಊರಿಗೆ ಬರೋಣ. ಏಪ್ರಿಲ್, ಮೇ ಬಂತೆಂದರೆ ಕಾಲೇಜುಗಳ ಮೈದಾನದಲ್ಲಿ, ಸಭಾಂಗಣದಲ್ಲಿ ಬೇಸಗೆ ಶಿಬಿರದ ಬಟ್ಟೆಯ ಫಲಕ ಕಾಣುತ್ತದೆ. ನಡೆಸುವವರು ಹೊರಗಿನವರು, ಜಾಗ ಮಾತ್ರ ಕಾಲೇಜಿನದು. ಇಂಥ ಒಂದೆರಡು ಅನುಮತಿ ಪತ್ರಗಳನ್ನು ನಾನು ನೋಡಿದ್ದೇನೆ. ಕುರ್ಚಿ ಮುರಿದರೆ ಯಾರು ಕೊಡಬೇಕು, ದೀಪದ ಖರ್ಚೆಷ್ಟು, ಕಸ ಗುಡಿಸುವವರಾರು ಎಂಬುದೆಲ್ಲ ಅದರಲ್ಲಿ ಕ್ರಮವಾಗಿತ್ತು. ಮಗು ಎಂಬ ಮಾತು ಶಿಬಿರದ ಹೆಸರಿನಲ್ಲಿ ಬಿಟ್ಟು ಬೇರೆಲ್ಲೂ ಇರಲಿಲ್ಲ.

ಹಾಗೆಂದು ನಮ್ಮಲ್ಲಿ ಕಾನೂನಿಲ್ಲವೆಂದಲ್ಲ. ಪೆನ್ ಸ್ಟೇಟಿನ ತೀರ್ಪು ಬಂದ 2012ರಲ್ಲಿಯೇ ನಮ್ಮ ಸಂಸತ್ತು ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯಿದೆಯನ್ನು ಮಾಡಿತು. ಪೋಕ್ಸೋ ಎಂದು ಪತ್ರಿಕೆಗಳಲ್ಲಿ ಕಾಣುವುದು ಇದೇ. ಆ ವರ್ಷ ನವೆಂಬರ್ 14ರ ಮಕ್ಕಳ ದಿನದಿಂದ ಅದು ಜಾರಿಗೆ ಬಂದಿತು. ಹದಿನೆಂಟು ತುಂಬದ ಎಲ್ಲರೂ ಅದರ ಪ್ರಕಾರ ಮಕ್ಕಳೇ. ಅದರ 19ನೆಯ ಪ್ರಕರಣವನ್ನು ಪ್ರತಿಯೊಬ್ಬ ಗೃಹಸ್ಥನೂ ತಿಳಿದಿರಬೇಕು: ಇಂಥ ಅಪರಾಧ ನಡೆದಿದೆಯೆಂದು ಬಲ್ಲ, ಅಥವಾ ನಡೆಯಬಹುದೆಂಬ ಅಂಜಿಕೆಯಿರುವ ಯಾವ ವ್ಯಕ್ತಿಯೇ ಆಗಲಿ ಪೊಲೀಸರಿಗೆ ತಿಳಿಸಬೇಕು. ಮೇಷ್ಟ್ರು, ವೈದ್ಯ ಎಂದು ಪಟ್ಟಿ ಮಾಡಿಲ್ಲ; ಯಾವ ವ್ಯಕ್ತಿಯೇ ಆಗಲಿ ಎಂದಿದೆ. ತಿಳಿಸದೆ ಹೋದರೆ 21ನೆಯ ಪ್ರಕರಣದಂತೆ ಆರು ತಿಂಗಳವರೆಗೆ ಸೆರೆ, ಅಥವಾ ದಂಡ, ಅಥವಾ ಎರಡೂ. ಸಂಸ್ಥೆಯ ಮುಖ್ಯಸ್ಥನು ತನ್ನ ಕೈಕೆಳಗಿನವನ ಅಪರಾಧವನ್ನು ತಿಳಿಸದಿದ್ದರೆ ಒಂದು ವರ್ಷದವರೆಗೆ ಸೆರೆ, ಜತೆಗೆ ದಂಡ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ದಾವೆ ಬಾರದಂತೆ ರಕ್ಷಣೆಯೂ ಉಂಟು. 2020ರ ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಶಾಲೆ, ಆಟದ ಅಕಾಡೆಮಿ ಮೊದಲಾಗಿ ಮಕ್ಕಳೊಡನೆ ನಿತ್ಯ ವ್ಯವಹರಿಸುವ ಸಂಸ್ಥೆಗಳು ತಮ್ಮ ಪ್ರತಿಯೊಬ್ಬ ಸಿಬ್ಬಂದಿಯ ಬಗ್ಗೆಯೂ, ಕರಾರಿನ ಮೇಲಿನವರನ್ನೂ ಬಿಡದೆ, ಆಗಾಗ ಪೊಲೀಸ್ ವಿಚಾರಣೆ ಮಾಡಿಸಬೇಕೆಂದಿವೆ.

ಶಿಬಿರದವನು ತನ್ನ ಕೈಕೆಳಗಿನವನಲ್ಲವೆಂದು ಜಾಗ ಕೊಟ್ಟ ಕಾಲೇಜು ವಾದಿಸಬಹುದು. ಆ ಮುಖ್ಯಸ್ಥರ ಶಿಕ್ಷೆಯ ಮಾತಿಗೆ ಅದು ಉತ್ತರವಾದೀತು. 'ಯಾವ ವ್ಯಕ್ತಿಯೇ ಆಗಲಿ' ಎಂಬುದಕ್ಕೆ ಉತ್ತರವಾಗದು. ರಾತ್ರಿ ಕಾವಲಿನ ಮುದುಕ, ಮೈದಾನಕ್ಕೆ ನೀರು ಹಾಯಿಸುವವನು, ಎಲ್ಲರೂ ಆ ಮಾತಿನೊಳಗೆ ಬಂದರು. ಅವರಿಗೆ ಇದನ್ನು ಯಾರಾದರೂ ಹೇಳಿದ್ದಾರೆಯೆ ಎಂಬುದು ಬೇರೆ ಪ್ರಶ್ನೆ. ಶಿಬಿರ ಶುರುವಾಗುವ ಹಿಂದಿನ ದಿನ ಅರ್ಧ ಗಂಟೆ ಕೂರಿಸಿ ಹೇಳಲು ಹಣವೇನೂ ಖರ್ಚಾಗದು.

ಮಗುವನ್ನು ಶಿಬಿರಕ್ಕೆ ಸೇರಿಸಲು ಹೋದಾಗ ಶುಲ್ಕವೆಷ್ಟು, ತಿಂಡಿ ಏನು ಎಂದು ಕೇಳುತ್ತೀರಿ. ಅದರ ಜತೆಗೇ ಇನ್ನು ಕೆಲವನ್ನು ಕೇಳಿ. ನಡೆಸುವವರು ಯಾರು, ಜಾಗದವರು ಯಾರು, ಇಬ್ಬರ ನಡುವಿನ ಕರಾರಿನಲ್ಲಿ ಮಕ್ಕಳ ಮಾತಿದೆಯೆ? ಮಗು ಪಾಯಿಖಾನೆಗೆ ಹೋಗುವಾಗ ಜತೆಗೆ ಯಾರು ಹೋಗುತ್ತಾರೆ? ಸಂಜೆ ಯಾರ ಕೈಗೆ ಒಪ್ಪಿಸುತ್ತೀರಿ? ನಾವು ಹೇಳದೆ ಕೇಳದೆ ನಡುವೆ ಬಂದು ನೋಡಬಹುದೆ? ಈ ಕೊನೆಯ ಪ್ರಶ್ನೆಗೆ ತಡವರಿಸಿದರೆ ಮಗುವನ್ನು ವಾಪಸು ಕರೆದುಕೊಂಡು ಬನ್ನಿ. ಮಗುವಿಗೂ ಒಂದು ಮಾತು ಹೇಳಿರಿ, ಗದರಿಸದೆ: "ಅಪ್ಪ ಅಮ್ಮನಿಗೆ ಹೇಳಬೇಡ ಎಂದು ಯಾರಾದರೂ ಹೇಳಿದರೆ, ಅದನ್ನೇ ಮೊದಲು ಬಂದು ಹೇಳು." ಮಕ್ಕಳ ಸಹಾಯಕ್ಕೆ 1098 ಎಂಬ ಫೋನು ಸಂಖ್ಯೆಯುಂಟು, ಕಾಸಿಲ್ಲದೆ ಕರೆಯಬಹುದು, ದೊಡ್ಡವರೂ ಕರೆಯಬಹುದು.

ಇನ್ನು ಅಮೆರಿಕದ ಆ ಬಾಗಿಲಲ್ಲಿ ನಿಂತ ತಾತನ ವಿಷಯ. ಹೋಗುವವರಿದ್ದರೆ ಈ ಚಿಕ್ಕ ಕೆಲಸ ಮಾಡಿಸಿಡಿ. ಮಗುವನ್ನು ಕರೆದೊಯ್ಯಬಹುದಾದವರ ಪಟ್ಟಿಯಲ್ಲಿ ನಿಮ್ಮಿಬ್ಬರ ಹೆಸರನ್ನೂ ಸೇರಿಸಲು ಮೊದಲ ದಿನವೇ ಮಗನಿಗೆ ಹೇಳಿ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ ಬರೆಸಬೇಕು. ಊರಿನ ಹೆಸರು, ತಂದೆಯ ಹೆಸರು ಎರಡನ್ನೂ ಒಂದೊಂದು ಅಕ್ಷರಕ್ಕೆ ಇಳಿಸಿಕೊಂಡು ಜೀವಮಾನವೆಲ್ಲ ರುಜು ಹಾಕಿದವರು ನಾವು. ಪಾಸ್‌ಪೋರ್ಟಿನಲ್ಲಿ ಅವೆರಡೂ ಪೂರ್ತಿ ಬಿಡಿಸಿಕೊಂಡು ಮೂರು ಮಾರು ಉದ್ದವಾಗಿರುತ್ತವೆ. ಪಟ್ಟಿ ಹಿಡಿದ ಹುಡುಗಿ ಒಂದೊಂದು ಅಕ್ಷರವನ್ನೂ ಕೂಡಿಸಿ ಓದುತ್ತಾಳೆ, ಮೊಮ್ಮಗ ಪಕ್ಕದಲ್ಲಿ ನಿಂತು ನಗುತ್ತಾನೆ. ಅವಳು ಓದಿ ಮುಗಿಸುವವರೆಗೆ ನಿಂತಿರಿ.